ಉಪ್ಪುನೀರಿನ ಬಟರ್‌ಫ್ಲೈ ವಾಲ್ವ್ ಕೆಟ್ಟಿದೆಯಾ? ತುಕ್ಕು ಎಲ್ಲಿ ತಿಂದಿದೆ ನೋಡಿ, ಆಮೇಲೆ ಹೊಸದು ತನ್ನಿ

ಶಿವಮೊಗ್ಗದಲ್ಲಿ ಕೂತು ಸಮುದ್ರದ ನೀರಿನ ವಾಲ್ವ್ ಬಗ್ಗೆ ಬರೆಯೋದಾ ಎಂದು ನಗಬೇಡಿ. ನಮ್ಮೂರಲ್ಲಿ ಫೌಂಡ್ರಿಗಳಿವೆ, ಲೇತ್ ಶಾಪುಗಳಿವೆ. ಹಾಗಾಗಿ ಘಟ್ಟದ ಕೆಳಗೆ ಕೆಟ್ಟ ವಾಲ್ವ್‌ಗಳು ಹುಲಿಕಲ್ ಘಾಟಿ ಹತ್ತಿ ನಮ್ಮ ಮೇಜಿಗೆ ಬರುತ್ತವೆ. ತರುವವರು ಸೀಗಡಿ ಹೊಂಡದವರು, ಐಸ್ ಪ್ಲಾಂಟಿನವರು, ಮೀನಿನ ಕಾರ್ಖಾನೆಯವರು. ಬಂದವರ ಮೊದಲ ಮಾತು ಹೆಚ್ಚುಕಮ್ಮಿ ಒಂದೇ. "ಎಂತ ಮಾರಾಯ್ರೆ, ಸ್ಟೀಲು ಅಂತ ಹೇಳಿ ತಗೊಂಡದ್ದು, ವರ್ಷಕ್ಕೇ ಹೀಗಾಯ್ತು. ಇನ್ನೂ ದುಬಾರಿದು ಹಾಕಿ ಕೊಡಿ."

ದುಬಾರಿ ವಾಲ್ವ್ ಹಾಕಬಹುದು. ಆದರೆ ಮೇಜಿನ ಮೇಲಿರುವ ಹಳೇ ವಾಲ್ವ್ ಏನು ಹೇಳುತ್ತಿದೆ ಎಂದು ಕೇಳದೆ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಯಾವ ಭಾಗ ಹೋಗಿದೆ, ಯಾವ ಆಕಾರದಲ್ಲಿ ಹೋಗಿದೆ ಎಂಬುದರಲ್ಲೇ ಮುಂದಿನ ವಾಲ್ವ್ ಯಾವ ಲೋಹದ್ದಿರಬೇಕು ಎಂಬುದು ಇದೆ. ಎಷ್ಟೋ ಸಲ ಲೋಹಕ್ಕೆ ಏನೂ ಆಗಿರುವುದೇ ಇಲ್ಲ. ಜೋಡಿಸಿದ ರೀತಿ ತಪ್ಪಿರುತ್ತದೆ. ಬಟರ್‌ಫ್ಲೈ ವಾಲ್ವ್ ಎಂದರೆ ಇಷ್ಟೇ: ಬಾಡಿಯೊಳಗೆ ಡಿಸ್ಕ್ ಎಂಬ ದುಂಡು ತಟ್ಟೆ, ಲಿವರ್ ತಿರುಗಿಸಿದರೆ ಶಾಫ್ಟ್ ಎಂಬ ಸರಳು ಅದನ್ನು ತಿರುಗಿಸಿ ನೀರು ಬಿಡುತ್ತದೆ, ತಡೆಯುತ್ತದೆ.

ಮಲೆನಾಡಿನವರಿಗೆ ತುಕ್ಕು ಹೊಸದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಗೇಟಿನ ಕೀಲು, ಮಾಡಿನ ತಗಡು, ಅಡಿಕೆ ಸುಲಿಯೋ ಮೆಷಿನ್ನು ಎಲ್ಲ ಕೆಂಪಾಗುತ್ತವೆ. ಆದರೆ ಮಳೆಯ ತುಕ್ಕು ಮೈಯೆಲ್ಲ ಹರಡಿ ನಿಧಾನವಾಗಿ ತಿನ್ನುತ್ತದೆ, ತಿನ್ನುವುದು ಕಣ್ಣಿಗೆ ಕಾಣುತ್ತದೆ. ಉಪ್ಪುನೀರಿನದು ಹಾಗಲ್ಲ. ಒಂದು ಚುಕ್ಕೆ ಹಿಡಿದು ಸುಮ್ನೆ ಒಳಗೆ ಇಳಿಯುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದರಲ್ಲಿ ಕ್ಲೋರೈಡ್ ಒಂದೇ 19 ಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಒಪ್ಪುವ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ. ಅಂದರೆ ಎಪ್ಪತ್ತೈದು ಪಟ್ಟಿಗೂ ಜಾಸ್ತಿ. ತುಂಗೆಯ ನೀರಿಗೆ ಹಾಕಿ ಇಪ್ಪತ್ತು ವರ್ಷ ಬಾಳಿದ ವಾಲ್ವ್ ಅಲ್ಲಿ ಯಾಕೆ ಬಾಳಲ್ಲ ಎನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಕೈ ಹಾಕುವ ಮೊದಲು

ಪಂಪು ನಿಲ್ಲಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ ಅಥವಾ ಪ್ಯಾನಲ್ಲಿಗೆ ಬೀಗ ಹಾಕಿ. ವಾಲ್ವಿನ ಎರಡೂ ಕಡೆಯ ಒತ್ತಡ ಇಳಿಸಿ. ಗೇಜು ಸೊನ್ನೆ ತೋರಿಸಿದರೂ ನಂಬಬೇಡಿ, ಉಪ್ಪು ಕಟ್ಟಿ ಮುಳ್ಳು ಅಲ್ಲೇ ಕಚ್ಚಿಕೊಂಡಿರಬಹುದು. ಡ್ರೈನ್ ತೆಗೆದು ನೀರು ನಿಂತದ್ದನ್ನು ಕಣ್ಣಾರೆ ನೋಡಿ.

ಡಿಸ್ಕ್ ಮತ್ತು ಬಾಡಿ ನಡುವೆ ಬೆರಳು ಇಡುವಂತಿಲ್ಲ. ನೀರಿನ ತಳ್ಳಿಗೆ ಡಿಸ್ಕ್ ತಾನಾಗಿ ತಿರುಗಿದರೆ ಅದು ಅಡಕತ್ತರಿಯೇ ಸರಿ.

ಇನ್ನೊಂದು ಮಾತು. ವೇಫರ್ ಮಾದರಿಯ ವಾಲ್ವ್ ಪೈಪಿನ ತುದಿಗಳ ಚಪ್ಪಟೆ ಬಳೆಗಳ, ಅಂದರೆ ಎರಡು ಫ್ಲೇಂಜ್‌ಗಳ ನಡುವೆ ಉದ್ದ ಬೋಲ್ಟುಗಳ ಬಿಗಿತದಲ್ಲಿ ಮಾತ್ರ ನಿಂತಿರುತ್ತದೆ. ಆ ಕಡೆ ನೀರು ತುಂಬಿದೆ, ಈ ಕಡೆಯ ಪೈಪು ಮಾತ್ರ ಬಿಚ್ಚುತ್ತೇನೆ ಎಂದರೆ ವಾಲ್ವೇ ಕಳಚಿ ಬರುತ್ತದೆ. ಕಿವಿಗಳಲ್ಲಿ ಮರೆ (ಬೋಲ್ಟು ಕೂರುವ ಸುರುಳಿ ಗೀರು) ಇರುವ ಲಗ್ ಮಾದರಿಯಲ್ಲಿ ಒಂದು ಕಡೆ ಬಿಚ್ಚಬಹುದು. ಅದಕ್ಕೂ ಕಂಪನಿ ಹೇಳಿದ ಕಡಿಮೆ ಒತ್ತಡದ ಮಿತಿ ಇರುತ್ತದೆ. ಮೊದಲು ನಿಮ್ಮದು ಯಾವುದು ಎಂದು ನೋಡಿಕೊಳ್ಳಿ.

ಹೊರಗೆಲ್ಲ ತುಕ್ಕು, ಕೆಲಸ ಮಾತ್ರ ಸರಿಯಾಗಿದೆ

ಇದಕ್ಕೆ ಹೆದರಿ ಫೋನ್ ಮಾಡುವವರೇ ಜಾಸ್ತಿ. ಬಾಡಿ ಬೀಡಿನದ್ದು (ಎರಕದ ಕಬ್ಬಿಣ) ಅಥವಾ ಸುಲಭಕ್ಕೆ ಒಡೆಯದ ಎರಕ ಡಕ್ಟೈಲ್ ಐರನ್ನಿನದ್ದು, ಒಳಗೆ ಪೂರ್ತಿ ರಬ್ಬರ್ ಲೈನರ್ ಇದೆ ಎಂದಾದರೆ ಸಮುದ್ರದ ನೀರು ಬಾಡಿಯನ್ನು ಮುಟ್ಟುವುದೇ ಇಲ್ಲ. ಹೊರಗಿನ ತುಕ್ಕು ಉಪ್ಪುಗಾಳಿಯದ್ದು. ತಂತಿ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಲ್ಲಿ ತೊಳೆದು, ಒಣಗಿಸಿ, ಎಪಾಕ್ಸಿ ಬಣ್ಣ ಹೊಡೆಯಿರಿ. ತೊಳೆಯದೆ ಬಣ್ಣ ಹೊಡೆದರೆ ಉಪ್ಪು ಬಣ್ಣದ ಅಡಿಯಲ್ಲೇ ಉಳಿದು ಗುಳ್ಳೆ ಏಳುತ್ತದೆ.

ಬೋಲ್ಟು ಮಾತ್ರ ಬೇರೆ ವಿಷಯ. ನಟ್ಟಿನ ಮೂಲೆಗಳು ಕರಗಿ ದುಂಡಗಾಗಿದ್ದರೆ, ನಟ್ಟಿನ ಹಿಂದೆ ಬೋಲ್ಟಿನ ಸೊಂಟ ಸಣಕಲಾಗಿದ್ದರೆ ಅದು ಬಣ್ಣದಿಂದ ಮುಚ್ಚುವ ಕೆಲಸವಲ್ಲ. ಲೈನ್ ಖಾಲಿ ಮಾಡಿ ಬೋಲ್ಟು ಬದಲಾಯಿಸಿ. ಒತ್ತಡ ಇರುವಾಗ ಇಂಥ ಬೋಲ್ಟಿಗೆ ಸ್ಪ್ಯಾನರ್ ಹಾಕಿ "ಇನ್ನೊಂದು ಸುತ್ತು ಬಿಗಿ ಮಾಡ್ತೀನಿ" ಎನ್ನುವುದು ದೊಡ್ಡ ಅಪಾಯ. ತಲೆ ಕಿತ್ತು ಹಾರುತ್ತದೆ.

ಬೋಲ್ಟು ಯಾಕೆ ಇಷ್ಟು ಬೇಗ ಹೋಯಿತು? ಸುತ್ತ ಸ್ಟೇನ್‌ಲೆಸ್ ಫ್ಲೇಂಜ್, ನಡುವೆ ಮಾಮೂಲಿ ಕಬ್ಬಿಣದ ಬೋಲ್ಟು ಹಾಕಿದ್ದರೆ ಹೋಗಲೇಬೇಕು. ಉಪ್ಪುನೀರಲ್ಲಿ ಎರಡು ಲೋಹ ಮುಟ್ಟಿಕೊಂಡರೆ ಬ್ಯಾಟರಿಯ ಹಾಗೆ ಕರೆಂಟ್ ಹರಿಯುತ್ತದೆ, ಕಡಿಮೆ ತರಗತಿಯ ಲೋಹ ಕರಗುತ್ತದೆ. ಗಟ್ಟಿ ಲೋಹದ ಮೈ ದೊಡ್ಡದು, ಕರಗುವ ಲೋಹದ ಮೈ ಚಿಕ್ಕದು ಆದಷ್ಟೂ ಕೆಲಸ ಬೇಗ ಮುಗಿಯುತ್ತದೆ. ಹಾಗಂತ ಸ್ಟೇನ್‌ಲೆಸ್ ನಟ್ಟು ಬೋಲ್ಟು ಹಾಕಿದರೆ ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಬಿಚ್ಚಲಾಗದಂತೆ ಆಗುತ್ತವೆ. ಮರೆಗೆ ಆಂಟಿಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚದೆ ಹಾಕಬೇಡಿ.

ಲಿವರ್ ಬಿಗಿಯಾಗಿದೆ, ತಿರುಗಿಸಲು ಆಗುತ್ತಿಲ್ಲ

ಮೊದಲ ಕಾರಣ ಬಳಸದೇ ಇರುವುದು. ಆರು ತಿಂಗಳು ಒಂದೇ ಜಾಗದಲ್ಲಿದ್ದ ಡಿಸ್ಕ್ ರಬ್ಬರಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಎಂದು ಮೆಲ್ಲಗೆ ಆಡಿಸಿ. ಲಿವರಿಗೆ ಪೈಪು ಸಿಕ್ಕಿಸಿ ಎಳೆಯಬೇಡಿ. ನಮ್ಮ ಶಾಪಿಗೆ ಬರುವ ಬಾಗಿದ ಶಾಫ್ಟುಗಳಲ್ಲಿ ಅರ್ಧಕ್ಕರ್ಧ ಈ ಪೈಪಿನ ಪುಣ್ಯ.

ಎರಡನೆಯದು ಚಿಪ್ಪು. ಬಾರ್ನಕಲ್ ಎನ್ನುವ ಸುಣ್ಣದ ಚಿಪ್ಪಿನ ಜೀವಿ, ಘಟ್ಟದ ಕೆಳಗಿನವರು ಪಚ್ಚಿಲೆ ಎಂದು ತಿನ್ನುವ ಚಿಪ್ಪು, ಇವೆಲ್ಲ ಪೈಪಿನೊಳಗೂ ಬೆಳೆಯುತ್ತವೆ. ಲಿವರ್ ತಿರುಗುವಾಗ ಕರಕರ ಸದ್ದು ಬಂದರೆ ಡಿಸ್ಕ್ ಚಿಪ್ಪನ್ನು ಪುಡಿ ಮಾಡುತ್ತಿದೆ. ಆ ಪುಡಿ ರಬ್ಬರನ್ನು ಕೊಯ್ಯುತ್ತದೆ. ಅಲ್ಲೇ ನಿಲ್ಲಿಸಿ. ಬಿಚ್ಚಿ ಮರದ ತುಂಡಿನಿಂದ ಕೆರೆದು ತೆಗೆಯಿರಿ, ಉಳಿ ಬೇಡ. ಇಂಥ ಲೈನಿನಲ್ಲಿ ವಾರಕ್ಕೊಮ್ಮೆ ವಾಲ್ವನ್ನು ಪೂರ್ತಿ ತೆರೆದು ಮುಚ್ಚುವ ಅಭ್ಯಾಸ ಇಟ್ಟುಕೊಂಡರೆ ಚಿಪ್ಪು ದೊಡ್ಡದಾಗುವ ಮೊದಲೇ ಉದುರುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ. ಆದರೂ ಯಾರೂ ಮಾಡಲ್ಲ.

ಮೂರನೆಯದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇಲ್ಲಿ ಒಳ್ಳೆಯ ವಾಲ್ವನ್ನು ಕೆಟ್ಟದ್ದೆಂದು ಎಸೆದವರಿದ್ದಾರೆ. ಹೊಸ ವಾಲ್ವ್. ಮೇಜಿನ ಮೇಲೆ ಸಲೀಸಾಗಿ ತಿರುಗುತ್ತಿತ್ತು. ಲೈನಿಗೆ ಹಾಕಿದ ಮೇಲೆ ಅರ್ಧ ತೆರೆದು ಟಕ್ ಎಂದು ನಿಲ್ಲುತ್ತದೆ. ಪೈಪು ಎಚ್‌ಡಿಪಿಇದ್ದು, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನದ್ದು. ಎಚ್‌ಡಿಪಿಇ ಪೈಪಿನ ಗೋಡೆ ದಪ್ಪ, ಹಾಗಾಗಿ ಒಳಗಿನ ತೂತು ಚಿಕ್ಕದು. ಬಟರ್‌ಫ್ಲೈ ಡಿಸ್ಕ್ ತೆರೆಯುವಾಗ ಬಾಡಿಯಿಂದ ಹೊರಗೆ ಚಾಚಿ ಪೈಪಿನೊಳಗೆ ನುಗ್ಗುತ್ತದೆ. ತೂತು ಚಿಕ್ಕದಾದರೆ ಡಿಸ್ಕಿನ ಅಂಚು ಪೈಪಿನ ಬಾಯಿಗೆ ಬಡಿಯುತ್ತದೆ. ಪೈಪಿನ ಬಾಯನ್ನು ಒಳಗಿನಿಂದ ಇಳಿಜಾರಾಗಿ ಕೆತ್ತಿದರೆ ಸಾಕು, ಅಥವಾ ನಡುವೆ ಒಂದು ಸ್ಪೇಸರ್ ಉಂಗುರ ಕೊಟ್ಟರೂ ಆಗುತ್ತದೆ. ಕೊಳ್ಳುವಾಗಲೇ "ಪೈಪು ಎಚ್‌ಡಿಪಿಇ, ಒಳ ಅಳತೆ ಇಷ್ಟು" ಎಂದು ಹೇಳಿದ್ದರೆ ಈ ಗೋಳಿಲ್ಲ. ಬಡಿದಲ್ಲೆಲ್ಲ ಡಿಸ್ಕಿನ ಲೇಪನ ಎದ್ದಿರುತ್ತದೆ, ಅದನ್ನೂ ನೋಡಿ. ನೈಲಾನ್ ಲೇಪನದ ಡಿಸ್ಕಿನಲ್ಲಿ ಉಗುರಿನಷ್ಟು ಗೀರು ಬಿದ್ದರೂ ಉಪ್ಪುನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಗೇರ್ ಬಾಕ್ಸ್ ಇರುವ ದೊಡ್ಡ ವಾಲ್ವಿನಲ್ಲಿ ಮುಚ್ಚಳ ತೆಗೆದು ಗ್ರೀಸ್ ನೋಡಿ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ತೊಳೆದು, ಸೀಲ್ ಹಾಕಿ, ಹೊಸ ಗ್ರೀಸ್ ತುಂಬಿ. ವಾಲ್ವ್ ಮುಟ್ಟುವ ಅಗತ್ಯವೇ ಇಲ್ಲ.

ಲಿವರ್ ತಿರುಗುತ್ತದೆ, ನೀರಿಗೆ ಗೊತ್ತೇ ಇಲ್ಲ

ಲಿವರ್ ಹಗುರಾಗಿ ಓಡಾಡುತ್ತದೆ, ಹರಿವು ಮಾತ್ರ ಬದಲಾಗಲ್ಲ. ಡಿಸ್ಕ್ ಮತ್ತು ಶಾಫ್ಟಿನ ಸಂಬಂಧ ಕಡಿದಿದೆ. ಇವೆರಡನ್ನು ಹಿಡಿದಿಟ್ಟಿದ್ದ ಟೇಪರ್ ಪಿನ್ ತುಕ್ಕಿಗೆ ಹೋಗಿರುತ್ತದೆ, ಅಥವಾ ಶಾಫ್ಟೇ ಮುರಿದಿರುತ್ತದೆ. ಹೆಚ್ಚಿನ ವಾಲ್ವ್‌ಗಳಲ್ಲಿ ಶಾಫ್ಟಿನ ತಲೆಯ ಮೇಲೆ ಒಂದು ಗೆರೆ ಇರುತ್ತದೆ, ಡಿಸ್ಕ್ ಯಾವ ಕಡೆ ನಿಂತಿದೆ ಎಂದು ತೋರಿಸಲು. ಗೆರೆ ಲಿವರಿನ ಜೊತೆ ತಿರುಗದಿದ್ದರೆ ತೊಂದರೆ ಮೇಲೆಯೇ ಇದೆ. ಲಿವರಿನ ಚೌಕ ಸವೆದಿದೆ, ಹತ್ತು ನಿಮಿಷದ ಕೆಲಸ. ಗೆರೆ ತಿರುಗಿದರೂ ನೀರು ಹಾಗೇ ಇದ್ದರೆ ತೊಂದರೆ ಒಳಗೆ.

ಇದು ನಿಲ್ಲಿಸಬೇಕಾದ ಜಾಗ. ಸಡಿಲ ಡಿಸ್ಕ್ ನೀರಿನ ಹೊಡೆತಕ್ಕೆ ಒಮ್ಮೆಲೇ ರಪ್ಪನೆ ಮುಚ್ಚಿಕೊಳ್ಳಬಹುದು. ಆಗ ಪೈಪಿನಲ್ಲಿ ಏಳುವ ಹೊಡೆತ ಪಿವಿಸಿ ಲೈನನ್ನು ಸೀಳುತ್ತದೆ. ಪಂಪು ನಿಲ್ಲಿಸಿ, ಬಿಚ್ಚಿಸಿ.

ಪಿನ್ ಹೋದದ್ದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಡಿಸ್ಕ್ ಒಳ್ಳೆಯ ಲೋಹದ್ದೇ ಹಾಕಿರುತ್ತಾರೆ, ಬೆರಳುದ್ದದ ಪಿನ್ನಿನಲ್ಲಿ ಉಳಿತಾಯ ಮಾಡಿರುತ್ತಾರೆ. ಆರ್ಡರ್ ಮಾಡುವಾಗ ಡಿಸ್ಕ್, ಶಾಫ್ಟ್, ಪಿನ್ ಮೂರರ ಲೋಹವನ್ನೂ ಬರೆಸಿ. ಪಿನ್ನೇ ಇಲ್ಲದ, ಶಾಫ್ಟಿನ ಹಲ್ಲು ಡಿಸ್ಕಿನೊಳಗೆ ಕೂರುವ ವಿನ್ಯಾಸ ಸಿಕ್ಕರೆ ಇನ್ನೂ ಒಳ್ಳೇದು. ಅದರಲ್ಲಿ ಶಾಫ್ಟಿಗೆ ನೀರೇ ತಾಗುವುದಿಲ್ಲ.

ಮುಚ್ಚಿದರೂ ನೀರು ದಾಟುತ್ತಿದೆ

ಮೊದಲು ಗೇರ್ ಬಾಕ್ಸಿನ ಸ್ಟಾಪ್ ಬೋಲ್ಟು ನೋಡಿ. ಅದು ಒಂದೆರಡು ಮರೆ ಜಾಸ್ತಿ ಒಳಗಿದ್ದರೆ ಡಿಸ್ಕ್ ಪೂರ್ತಿ ಮುಚ್ಚುವ ಮೊದಲೇ ಕೈ ನಿಂತುಬಿಡುತ್ತದೆ. ಲಾಕ್ ನಟ್ ಸಡಿಲಿಸಿ, ಕಾಲು ಸುತ್ತು ತೆಗೆದು, ಮತ್ತೆ ಮುಚ್ಚಿ ನೋಡಿ. ಲಿವರ್ ವಾಲ್ವಿನಲ್ಲಾದರೆ ಹಲ್ಲಿನ ತಟ್ಟೆಯ ಕೊನೆಯ ಹಲ್ಲಿಗೆ ಕೂತಿದೆಯಾ ನೋಡಿ.

ನೀರು ದಾಟುತ್ತಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಹಳೇ ಉಪಾಯ ಇದೆ. ಉದ್ದ ಸ್ಕ್ರೂಡ್ರೈವರಿನ ತುದಿ ವಾಲ್ವಿನ ಬಾಡಿಗೆ, ಹಿಡಿ ಕಿವಿಗೆ. ಸುಂಯ್ ಎಂದರೆ ದಾಟುತ್ತಿದೆ. ತಿರುಗುವ ಪಂಪಿನ ಪಕ್ಕ ಇದನ್ನು ಮಾಡಬೇಡಿ. ತೋಳಿನ ಬಟ್ಟೆ, ಕತ್ತಿನ ಟವೆಲ್ ಸಿಕ್ಕಿಕೊಳ್ಳುತ್ತದೆ.

ಸ್ಟಾಪ್ ಸರಿಯಿದ್ದರೆ ಒಳಗೆ ಕಸ ಸಿಕ್ಕಿರಬಹುದು. ಪೂರ್ತಿ ತೆರೆದು ಎರಡು ನಿಮಿಷ ನೀರು ಹರಿಸಿ, ಮತ್ತೆ ಮುಚ್ಚಿ. ಅದಕ್ಕೂ ಆಗದಿದ್ದರೆ ರಬ್ಬರಿನ ಸರದಿ. ಬಿಚ್ಚಿ ನೋಡಬೇಕು.

ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಎಣ್ಣೆ ತಾಗಿದೆ. ಇಪಿಡಿಎಂ ಎಂಬ ಕೃತಕ ರಬ್ಬರಿಗೆ ಎಣ್ಣೆ ಆಗಿಬರಲ್ಲ. ಬಂದರಿನ ನೀರಿನಲ್ಲಿ, ದೋಣಿ ನಿಲ್ಲುವ ಕಡೆಯ ನೀರಿನಲ್ಲಿ ಡೀಸೆಲ್ ಪಸೆ ಇರುತ್ತದೆ. ಅಲ್ಲಿಗೆ ನೈಟ್ರೈಲ್ ರಬ್ಬರ್ ವಾಸಿ. ಬೇರೆ ತಪ್ಪೂ ಇದೆ: ಜೋಡಿಸುವ ಹುಡುಗ ಡಿಸ್ಕ್ ಸಲೀಸಾಗಲಿ ಎಂದು ಇಪಿಡಿಎಂ ಲೈನರಿಗೆ ಮಾಮೂಲಿ ಗ್ರೀಸ್ ಬಳಿದಿರುತ್ತಾನೆ. ಸಿಲಿಕೋನ್ ಗ್ರೀಸ್ ಅಥವಾ ಸೋಪಿನ ನೀರು ಸಾಕು.

ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಕ್ಲೋರಿನ್ ನೆನಪು ಮಾಡಿಕೊಳ್ಳಿ. ಚಿಪ್ಪು ಬೆಳೆಯದಿರಲಿ ಎಂದು ಹೈಪೋಕ್ಲೋರೈಟ್ ಹಾಕುತ್ತೀರಲ್ಲ, ಆ ಟ್ಯೂಬು ವಾಲ್ವಿನ ಪಕ್ಕದಲ್ಲೇ ಇದ್ದರೆ ಗಟ್ಟಿ ದ್ರಾವಣ ನೇರ ರಬ್ಬರಿಗೇ ಬಡಿಯುತ್ತದೆ. ನೈಟ್ರೈಲ್ ಬೇಗ ಹೋಗುತ್ತದೆ, ಇಪಿಡಿಎಂ ಇನ್ನಷ್ಟು ತಡೆಯುತ್ತದೆ. ಟ್ಯೂಬನ್ನು ದೂರ ಸರಿಸಿದರೆ ಮುಗಿಯಿತು. ಅಂದ ಹಾಗೆ, ಕ್ಲೋರಿನ್ ಜಾಸ್ತಿಯಾದರೆ ಸ್ಟೇನ್‌ಲೆಸ್ ಡಿಸ್ಕಿನಲ್ಲೂ ಗುಳಿ ಬೀಳುವುದು ಜೋರಾಗುತ್ತದೆ.

ರಬ್ಬರಿನ ಒಂದು ಕಡೆ ಮಾತ್ರ ಮಡಚಿ ಹರಿದಿದ್ದರೆ ಅದು ಜೋಡಿಸಿದವರ ಕೆಲಸ. ಡಿಸ್ಕನ್ನು ಬಿಗಿಯಾಗಿ ಮುಚ್ಚಿಟ್ಟು ಫ್ಲೇಂಜ್ ಬಿಗಿದಿದ್ದಾರೆ, ಅಥವಾ ಫ್ಲೇಂಜ್ ಅಗಲಿಸದೆ ವಾಲ್ವನ್ನು ತುರುಕಿದ್ದಾರೆ. ಸರಿಯಾದ ಕ್ರಮ ಹೀಗೆ: ಡಿಸ್ಕ್ ಸ್ವಲ್ಪವೇ ತೆರೆದಿರಲಿ, ಬಾಡಿಯಿಂದ ಹೊರಗೆ ಚಾಚದಷ್ಟು. ಫ್ಲೇಂಜ್ ಅಗಲಿಸಿ, ವಾಲ್ವ್ ಇಳಿಸಿ, ನಡುವಿಗೆ ತಂದು, ಬೋಲ್ಟು ಕೈಯಲ್ಲಿ ಕೂರಿಸಿ. ಡಿಸ್ಕನ್ನು ಪೂರ್ತಿ ತೆರೆದು, ಎಲ್ಲೂ ತಾಗುತ್ತಿಲ್ಲ ಎಂದು ಖಚಿತ ಮಾಡಿಕೊಂಡು, ಎದುರು ಬದುರು ಬಿಗಿಯುತ್ತಾ ಬನ್ನಿ. ವಾಲ್ವ್ ಇಟ್ಟುಕೊಂಡೇ ಫ್ಲೇಂಜಿಗೆ ವೆಲ್ಡಿಂಗ್ ಹೊಡೆದರೆ ರಬ್ಬರ್ ಸುಟ್ಟು ಹೋಗುತ್ತದೆ. ಹೇಳಬೇಕಾದ್ದೇ ಇಲ್ಲ ಅನಿಸುತ್ತೆ, ಆದರೂ ಇಂಥವು ಶಾಪಿಗೆ ಬರುತ್ತಲೇ ಇವೆ.

ಫ್ಲೇಂಜಿನಲ್ಲಿ, ಶಾಫ್ಟಿನ ಕುತ್ತಿಗೆಯಲ್ಲಿ ಜಿನುಗು

ರಬ್ಬರ್ ಲೈನರ್ ಫ್ಲೇಂಜಿನ ಮುಖದವರೆಗೂ ಮಡಚಿ ಬಂದಿದ್ದರೆ ಅದೇ ಗ್ಯಾಸ್ಕೆಟ್. ಮೇಲೆ ಇನ್ನೊಂದು ಗ್ಯಾಸ್ಕೆಟ್ ಹಾಕಿದರೆ ಲೀಕ್ ಕಡಿಮೆ ಆಗಲ್ಲ, ಶುರುವಾಗುತ್ತದೆ. ಅದರಲ್ಲೂ ಸ್ಟೇನ್‌ಲೆಸ್ ಫ್ಲೇಂಜಿಗೆ ಗ್ರಾಫೈಟ್ ಗ್ಯಾಸ್ಕೆಟ್ ಉಪ್ಪುನೀರಲ್ಲಿ ಬೇಡವೇ ಬೇಡ. ಗ್ರಾಫೈಟ್ ಜೊತೆ ಸೇರಿದಾಗ ಸ್ಟೇನ್‌ಲೆಸ್ಸೇ ಕರಗುವ ಪಕ್ಷವಾಗುತ್ತದೆ.

ಶಾಫ್ಟಿನ ಕುತ್ತಿಗೆಯಲ್ಲಿ ಬಿಳಿ ಉಪ್ಪಿನ ಪದರ ಕಂಡರೆ ನೀರು ಜಿನುಗಿ ಆರುತ್ತಿದೆ. ಒ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಬದಲಾಯಿಸುವ ಮೊದಲು ಶಾಫ್ಟ್ ಮೇಲೆ ಬೆರಳಾಡಿಸಿ. ನುಣುಪಾಗಿದ್ದರೆ ಒ-ರಿಂಗ್ ಸಾಕು. ಬೆರಳಿಗೆ ಗುಳಿ ಸಿಕ್ಕರೆ ಹೊಸ ಒ-ರಿಂಗ್ ತಿಂಗಳೂ ಬಾಳಲ್ಲ, ಶಾಫ್ಟ್ ಬದಲಾಗಬೇಕು.

ಮರಳು ಬರುವ ಲೈನಿನಲ್ಲಿ ಶಾಫ್ಟ್ ನಿಂತಿದ್ದರೆ ಕೆಳಗಿನ ಬೇರಿಂಗಿನಲ್ಲಿ ಮರಳು ಕೂರುತ್ತದೆ. ವಾಲ್ವನ್ನು ತಿರುಗಿಸಿ ಶಾಫ್ಟ್ ಮಲಗಿರುವಂತೆ ಹಾಕಿ.

ಗರಗರ ಸದ್ದು, ನಡುಕ

ಪೈಪಿನಲ್ಲಿ ಜಲ್ಲಿಕಲ್ಲು ಉರುಳುವಂಥ ಸದ್ದು ಬಂದರೆ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತಿದೆ. ವಾಲ್ವನ್ನು ಹತ್ತಿಪ್ಪತ್ತು ಡಿಗ್ರಿ ಮಾತ್ರ ತೆರೆದು ನೀರು ಅಳತೆ ಮಾಡುತ್ತಿದ್ದೀರಿ, ಅಲ್ವಾ? ಬಟರ್‌ಫ್ಲೈ ವಾಲ್ವಿನಲ್ಲಿ ಹರಿವು ನಿಯಂತ್ರಿಸಬೇಕೆಂದರೆ ಸಾಮಾನ್ಯವಾಗಿ 30ರಿಂದ 70 ಡಿಗ್ರಿ ನಡುವೆ ಇರಬೇಕು. ಅದಕ್ಕಿಂತ ಕಡಿಮೆ ತೆರೆದರೆ ಸಂದಿಯಲ್ಲಿ ನೀರು ಚಿಮ್ಮಿ ಡಿಸ್ಕಿನ ಅಂಚನ್ನೂ ರಬ್ಬರನ್ನೂ ಕೆತ್ತುತ್ತದೆ. ಯಾವ ಲೋಹ ಹಾಕಿದರೂ ಇದಕ್ಕೆ ಮದ್ದಲ್ಲ. ಚಿಕ್ಕ ಸೈಜಿನ ವಾಲ್ವ್ ಹಾಕಿ, ಅಥವಾ ಪಂಪಿನ ವೇಗ ಇಳಿಸಿ.

ವಾಲ್ವ್ ಪಂಪಿನ ಬಾಯಿಗೇ, ಬೆಂಡಿಗೇ ಅಂಟಿಕೊಂಡಿದ್ದರೂ ನಡುಗುತ್ತದೆ. ಪೈಪಿನ ವ್ಯಾಸದ ಐದಾರು ಪಟ್ಟು ನೇರ ಪೈಪು ಬಿಟ್ಟು ಹಾಕುವುದು ರೂಢಿ.

ಬಿಚ್ಚಿದ್ದಾಯಿತು. ಈಗ ತುಕ್ಕನ್ನು ಓದಿ

ಇಲ್ಲಿ ಆತುರ ಬೇಡ. ಬೆಳಕಿಗೆ ಹಿಡಿದು ನೋಡಿ.

*ಸ್ಟೇನ್‌ಲೆಸ್ ಡಿಸ್ಕಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು.* ಮೇಲೆ ಚಹಾ ಕಲೆಯಂತೆ ಕಂದು ಇದ್ದು ಎಮರಿ ಪೇಪರಿಗೆ ಹೋದರೆ ಚಿಂತೆಯಿಲ್ಲ. ಕಲೆಯ ಕೆಳಗೆ ತೂತು ಇದ್ದು ಸೂಜಿ ಇಳಿದರೆ ಡಿಸ್ಕ್ ಮುಗಿಯಿತು. ಹೆಚ್ಚಾಗಿ ಈ ತೂತುಗಳು ಚಿಪ್ಪು ಅಂಟಿದ್ದ ಜಾಗದಲ್ಲಿ, ರಬ್ಬರ್ ಒತ್ತುವ ಅಂಚಿನಲ್ಲಿ, ಪಿನ್ನಿನ ಸುತ್ತ ಇರುತ್ತವೆ. ಸ್ಟೇನ್‌ಲೆಸ್ಸಿನ ಮೈಮೇಲೆ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡಿನ ಪೊರೆ ಇದೆ. ಗೀಚಿದರೆ ಅದು ಮತ್ತೆ ಕೂಡಿಕೊಳ್ಳುತ್ತದೆ, ಆದರೆ ಅದಕ್ಕೆ ಆಮ್ಲಜನಕ ಬೇಕು. ಚಿಪ್ಪಿನ ಅಡಿಯ ಸಂದಿಯಲ್ಲಿ ಆಮ್ಲಜನಕ ಮುಗಿಯುತ್ತದೆ, ಕ್ಲೋರೈಡ್ ಸೇರುತ್ತದೆ, ಹುಳಿ ಏರುತ್ತದೆ. ಪೊರೆ ಹರಿದಲ್ಲಿ ತೂತು.

ಇಂಥ ಡಿಸ್ಕಿನ ಮೇಲೆ ಬಹಳ ಸಲ 316 ಎಂಬ ಸ್ಟೇನ್‌ಲೆಸ್ ದರ್ಜೆಯನ್ನೇ ಬರೆದಿರುತ್ತದೆ. ಅಂಗಡಿಯವರು ಅದನ್ನು ಮರೀನ್ ಗ್ರೇಡ್ ಎನ್ನುತ್ತಾರೆ. ದೋಣಿಯಲ್ಲಿ ಕೈ ಹಿಡಿಯುವ ಕಂಬಿಗೆ ಅದು ಸರಿ. ಅದಕ್ಕೆ ಉಪ್ಪು ಹಾರುತ್ತದೆ, ಮಳೆ ತೊಳೆಯುತ್ತದೆ. ನಿಂತ ಸಮುದ್ರದ ನೀರಿನಲ್ಲಿ ಮುಳುಗಿರುವುದು ಬೇರೆ. ಒಂದು ವಿಚಿತ್ರ ಎಂದರೆ, ಕಬ್ಬಿಣದ ಪೈಪಿನ ಲೈನಿನಲ್ಲಿ ಇದೇ 316 ಡಿಸ್ಕ್ ಚೆನ್ನಾಗಿ ಉಳಿದದ್ದನ್ನು ನೀವೇ ನೋಡಿರಬಹುದು. ಅಲ್ಲಿ ಪೈಪು ತಾನು ಕರಗಿ ಡಿಸ್ಕನ್ನು ಕಾಯುತ್ತಿತ್ತು. ಪೈಪನ್ನು ಎಚ್‌ಡಿಪಿಇಗೆ ಬದಲಾಯಿಸಿದಿರಿ, ಕಾವಲುಗಾರ ಹೋದ, ಮುಂದಿನ ವರ್ಷ ಡಿಸ್ಕಿಗೆ ತೂತು ಬಿತ್ತು. "ಮೊದಲಿನದ್ದು ಒಳ್ಳೇದಿತ್ತು, ಈಗಿನದ್ದು ಡೂಪ್ಲಿಕೇಟ್" ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮೊದಲು ಇದನ್ನೊಮ್ಮೆ ಯೋಚಿಸಿ.

*ಬೀಡು ನೋಡಲು ಸರಿಯಿದೆ, ಚಾಕು ಇಳಿಯುತ್ತದೆ.* ಇದು ಎಲ್ಲಕ್ಕಿಂತ ಮೋಸದ್ದು. ಉಪ್ಪುನೀರು ಬೀಡಿನಲ್ಲಿರುವ ಕಬ್ಬಿಣವನ್ನು ಮಾತ್ರ ತೆಗೆದುಕೊಂಡು ಹೋಗುತ್ತದೆ. ಗ್ರಾಫೈಟಿನ ಜಾಲ ಅದೇ ಆಕಾರದಲ್ಲಿ ಉಳಿಯುತ್ತದೆ. ಅಳತೆ ಪಟ್ಟಿ ಇಟ್ಟರೂ ದಪ್ಪ ಸರಿ ಬರುತ್ತದೆ. ಚಾಕುವಿನಿಂದ ಕೆರೆದರೆ ಪೆನ್ಸಿಲ್ ಸೀಸದಂಥ ಕಪ್ಪು ಪುಡಿ. ಸುತ್ತಿಗೆಯಲ್ಲಿ ತಟ್ಟಿದರೆ ಠಣ್ ಎನ್ನುವ ಬದಲು ದಬ್ ಎನ್ನುತ್ತದೆ. ಇಂಥ ಬಾಡಿ ಒತ್ತಡದಲ್ಲಿ ಮುನ್ಸೂಚನೆ ಇಲ್ಲದೆ ಒಡೆಯುತ್ತದೆ. ರಿಪೇರಿ ಇಲ್ಲ, ಗುಜರಿಗೆ ಹಾಕಿ. ಮತ್ತು ತಟ್ಟುವ ಪರೀಕ್ಷೆಯನ್ನು ಖಾಲಿ ಲೈನಿನಲ್ಲಿ ಮಾತ್ರ ಮಾಡಿ.

*ಹಿತ್ತಾಳೆ ಕೆಂಪಾಗಿದೆ.* ಹಳದಿ ಬಣ್ಣ ಹೋಗಿ ತಾಮ್ರದ ಕೆಂಪು ಬಂದಿದ್ದರೆ ಸತುವು ಕರಗಿ ಹೋಗಿದೆ, ಉಳಿದದ್ದು ಸ್ಪಂಜಿನಂಥ ತಾಮ್ರ. ಮಾಮೂಲಿ ಹಿತ್ತಾಳೆ ಸಮುದ್ರದ ನೀರಿಗೆ ಆಗುವುದಿಲ್ಲ.

*ಕಂಚಿನ ಡಿಸ್ಕಿನಲ್ಲಿ ಕುದುರೆ ಲಾಳದಂಥ ನುಣುಪು ಗುಳಿಗಳು.* ನೀರಿನ ವೇಗ ಜಾಸ್ತಿ, ಅಥವಾ ಮರಳು ಬರುತ್ತಿದೆ. ಲೋಹಕ್ಕಿಂತ ಮೊದಲು ವೇಗ ಇಳಿಸುವ ದಾರಿ ನೋಡಿ.

*ಕಪ್ಪು ಲೋಳೆ, ಕೊಳೆತ ಮೊಟ್ಟೆ ವಾಸನೆ.* ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಸಲ್ಫೇಟನ್ನು ಸಲ್ಫೈಡ್ ಮಾಡಿವೆ. ಕಂಚಿನ ವಾಲ್ವ್‌ಗಳು ಸಲ್ಫೈಡಿಗೆ ಬೇಗ ಸೋಲುತ್ತವೆ. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಜೀವ. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಜಾಸ್ತಿಯಾದರೆ ಮೂಗು ಸತ್ತು ವಾಸನೆ ಬರುವುದೇ ನಿಲ್ಲುತ್ತದೆ. ಹೋಯಿತು ಎಂದುಕೊಂಡು ಇಳಿದವರು ಮೇಲೆ ಬರಲ್ಲ. ವಾಲ್ವ್ ಗುಂಡಿಗೆ ಒಬ್ಬರೇ ಇಳಿಯಬೇಡಿ. ಅನಿಲ ಅಳೆಯುವ ಮೀಟರು, ಗಾಳಿ ಊದುವ ವ್ಯವಸ್ಥೆ, ಮೇಲೆ ಹಗ್ಗ ಹಿಡಿದ ಒಬ್ಬರು ಇಲ್ಲದೆ ಇಳಿಯಬೇಡಿ. ಒಬ್ಬರು ಬಿದ್ದರೆ ಎತ್ತಲು ಹಾಗೇ ಇನ್ನೊಬ್ಬರು ಇಳಿಯಬೇಡಿ, ಅಗ್ನಿಶಾಮಕದವರನ್ನು 112ಕ್ಕೆ ಕರೆಯಿರಿ.

ಹಾಗಾದರೆ ಯಾವುದು ತರೋದು

ನೀರಿಗೆ ತಾಗುವ ಲೋಹಕ್ಕೆ ಮಾತ್ರ ದುಡ್ಡು ಹಾಕಿ. ಇದು ನನ್ನ ಅಭಿಪ್ರಾಯ, ಬೇರೆಯವರು ಬೇರೆ ಹೇಳಬಹುದು. ಹೊಂಡಕ್ಕೆ ನೀರು ಬಿಡುವ ಕಡಿಮೆ ಒತ್ತಡದ ಲೈನಿಗೆ, ಡಕ್ಟೈಲ್ ಐರನ್ ಬಾಡಿ, ಪೂರ್ತಿ ರಬ್ಬರ್ ಲೈನರ್, ಒಳ್ಳೆಯ ಡಿಸ್ಕ್ ಇದ್ದರೆ ಸಾಕು. ಬಾಡಿಯೂ ದುಬಾರಿ ಲೋಹದ್ದೇ ಬೇಕು ಎನ್ನುವುದು ಒತ್ತಡ, ಬಿಸಿ ಹೆಚ್ಚಿರುವ ಅಥವಾ ಬೆಂಕಿಯ ಅಪಾಯವಿರುವ ಜಾಗಕ್ಕೆ.

ಡಿಸ್ಕ್ ಯಾವುದು? ಶುದ್ಧ ಸಮುದ್ರದ ನೀರು, ಹಿತವಾದ ವೇಗ ಎಂದಾದರೆ ನಿಕಲ್ ಅಲ್ಯೂಮಿನಿಯಂ ಕಂಚು ಹಳೆಯ, ನಂಬಿಕೆಯ ಲೋಹ. ಹಡಗುಗಳಲ್ಲಿ ಬಹುಕಾಲದಿಂದ ಇದೆ. ತಾಮ್ರ ಇರುವುದರಿಂದ ಚಿಪ್ಪೂ ಸ್ವಲ್ಪ ಕಡಿಮೆ ಅಂಟುತ್ತದೆ. ಕೊಳಕು, ನಿಂತ, ವಾಸನೆಯ ನೀರಿಗೆ ಮಾತ್ರ ಬೇಡ. ಸೀಗಡಿ ಮರಿ ಸಾಕುವ ಹ್ಯಾಚರಿಗೂ ತಾಮ್ರದ ಲೋಹ ಬೇಡ, ತಾಮ್ರ ಮರಿಗಳಿಗೆ ವಿಷ. ಅಲ್ಲಿ ಡಿಸ್ಕಿಗೂ ರಬ್ಬರ್ ಹೊದಿಸಿದ ವಾಲ್ವ್ ಅಥವಾ ಪ್ಲಾಸ್ಟಿಕ್ ವಾಲ್ವ್ ಎಷ್ಟೋ ಸುಖ.

ಸ್ಟೇನ್‌ಲೆಸ್ಸೇ ಬೇಕೆಂದರೆ ಒಂದು ಸಣ್ಣ ಲೆಕ್ಕ ಇದೆ. ಕ್ರೋಮಿಯಂ ಶೇಕಡಾವಾರು, ಅದಕ್ಕೆ ಮಾಲಿಬ್ಡಿನಂನ 3.3 ಪಟ್ಟು, ನೈಟ್ರೋಜನ್ನಿನ 16 ಪಟ್ಟು ಕೂಡಿಸಿ. ಬಂದ ಅಂಕ ಹೆಚ್ಚಿದಷ್ಟೂ ಗುಳಿ ಬೀಳುವುದು ಕಡಿಮೆ. 316ಕ್ಕೆ ಸುಮಾರು 24–25 ಬರುತ್ತದೆ. ಎರಡು ಬಗೆಯ ಹರಳು ಬೆರೆತ ಡುಪ್ಲೆಕ್ಸ್ ಸ್ಟೇನ್‌ಲೆಸ್ 2205ಕ್ಕೆ 35ರ ಆಸುಪಾಸು. ಸೂಪರ್ ಡುಪ್ಲೆಕ್ಸ್ 2507 ನಲವತ್ತು ದಾಟುತ್ತದೆ. ಸಮುದ್ರದ ನೀರಿಗೆ 40ರ ಮೇಲೆ ಇರಲಿ ಎನ್ನುವುದು ಈ ಕೆಲಸದವರ ಲೆಕ್ಕ. ಟೈಟಾನಿಯಂ ಮಾಮೂಲಿ ಉಷ್ಣತೆಯ ಸಮುದ್ರದ ನೀರಿಗೆ ಜಗ್ಗುವುದೇ ಇಲ್ಲ, ಬೆಲೆಗೆ ನಾವು ಜಗ್ಗಬೇಕು.

ಒಂದು ಹಳೇ ಮುಜುಗರ ಹೇಳಿಬಿಡುತ್ತೇನೆ. ಮೊದಲ ಸಲ ಡುಪ್ಲೆಕ್ಸ್ ಡಿಸ್ಕ್ ತರಿಸಿದಾಗ ಮ್ಯಾಗ್ನೆಟ್ ಹಿಡಿದು ನೋಡಿದೆ. ಗಪ್ಪನೆ ಹಿಡಿಯಿತು. "ಸ್ಟೇನ್‌ಲೆಸ್ ಅಂತ ಕಬ್ಬಿಣ ಕಳಿಸಿದ್ದಾನೆ" ಎಂದು ವಾಪಸ್ ಕಳಿಸಿದೆ. ಡುಪ್ಲೆಕ್ಸಿನಲ್ಲಿ ಹೆಚ್ಚುಕಮ್ಮಿ ಅರ್ಧ ಫೆರೈಟ್ ಇರುತ್ತದೆ, ಮ್ಯಾಗ್ನೆಟ್ ಹಿಡಿಯಲೇಬೇಕು. ಹಿಡಿಯದಿದ್ದರೇ ಅನುಮಾನ ಪಡಬೇಕು. ಮಾಲಿಬ್ಡಿನಂ ಹಾಕದ 304 ಯಾವುದು, ಹಾಕಿದ 316 ಯಾವುದು ಎಂದೂ ಮ್ಯಾಗ್ನೆಟ್ ಹೇಳಲ್ಲ. ಅದಕ್ಕೆ ಮಾಲಿಬ್ಡಿನಂ ಗುರುತಿಸುವ ದ್ರಾವಣದ ಹನಿ ಹಾಕಬೇಕು, ಇಲ್ಲವೇ ಲೋಹ ಪರೀಕ್ಷೆಯ ಗನ್ ಇರುವ ಲ್ಯಾಬಿಗೆ ಒಯ್ಯಬೇಕು. ದೊಡ್ಡ ಆರ್ಡರಿಗೆ ಆ ಖರ್ಚು ಲೆಕ್ಕಕ್ಕಿಲ್ಲ.

ಆರ್ಡರ್ ಚೀಟಿಯಲ್ಲಿ "ಸಮುದ್ರದ ನೀರಿಗೆ ಒಳ್ಳೆ ವಾಲ್ವ್" ಎಂದು ಬರೆದರೆ ಏನು ಬೇಕಾದರೂ ಬರಬಹುದು. ಸೈಜು, ಒತ್ತಡದ ವರ್ಗ ಪಿಎನ್ 10 ಅಥವಾ 16, ವೇಫರ್ ಅಥವಾ ಲಗ್, ಪೈಪು ಯಾವುದು, ಒಳ ಅಳತೆ ಎಷ್ಟು, ಕ್ಲೋರಿನ್ ಹಾಕುತ್ತೀರಾ, ಮರಳು ಬರುತ್ತದಾ, ನೀರು ಎಷ್ಟು ದಿನ ನಿಲ್ಲುತ್ತದೆ, ಎಲ್ಲ ಬರೆಯಿರಿ. ಬಟರ್‌ಫ್ಲೈ ವಾಲ್ವಿನ ನಮ್ಮ ಭಾರತೀಯ ಮಾನದಂಡ ಐಎಸ್ 13095 ಪ್ರಕಾರ ಎಂದು ಸೇರಿಸಿ. ಪರೀಕ್ಷೆಯ ಸರ್ಟಿಫಿಕೇಟು ಕೇಳಿ.

ಬಿಚ್ಚಿ ನಮ್ಮಂಥವರಿಗೆ ಕಳಿಸುವುದಾದರೆ

ಚಾಕು ಇಳಿದ ಬಾಡಿ, ಸಡಿಲ ಡಿಸ್ಕ್, ಸೊಂಟ ಕರಗಿದ ಬೋಲ್ಟು, ಗುಂಡಿಯಲ್ಲಿ ವಾಸನೆ, ಇಷ್ಟರಲ್ಲಿ ಯಾವುದು ಕಂಡರೂ ನೀವೇ ಮುಂದುವರಿಯಬೇಡಿ. 200 ಮಿಲಿಮೀಟರಿಗಿಂತ ದೊಡ್ಡ ವಾಲ್ವನ್ನು ಚೈನ್ ಪುಲ್ಲಿ ಇಲ್ಲದೆ ಇಳಿಸಲು ಹೋಗಬೇಡಿ.

ಕಳಿಸುವಾಗ ತೊಳೆಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಪ್ರೀತಿಯಿಂದ ಉಜ್ಜಿ, ಹೊಳೆಯಿಸಿ ತರುತ್ತಾರೆ. ಚಿಪ್ಪು, ಲೋಳೆ, ಕಂದು ಕಲೆ ಎಲ್ಲ ಹಾಗೇ ಇರಲಿ. ನೀರು ಬರುತ್ತಿದ್ದ ಕಡೆಗೆ ಸೀಮೆಸುಣ್ಣದಲ್ಲಿ ಒಂದು ಬಾಣದ ಗುರುತು ಹಾಕಿ, ಗೋಣಿಯಲ್ಲಿ ಸುತ್ತಿ, ಬಿಚ್ಚಿದ ಬೋಲ್ಟುಗಳನ್ನೂ ಅದರಲ್ಲೇ ಹಾಕಿ ಕಳಿಸಿ.